ಮೊದಲು ಆಣೆ, ಆಮೇಲೆ ಅರ್ಥ

ಪಿಯುಸಿಯಲ್ಲಿ ವಿಜ್ಞಾನ ಓದುವವರಿಗೆ ಗ್ರೀಕ್ ಅಕ್ಷರಗಳು ಹೊಸವಲ್ಲ. ಲ್ಯಾಮ್ಡಾ ಎಂದರೆ ತರಂಗದೂರ, ಥೀಟಾ ಎಂದರೆ ಕೋನ, ಸಿಗ್ಮಾ ಎಂದರೆ ಕೂಡಿಸು. ಅಮೆರಿಕದ ಕಾಲೇಜು ಊರುಗಳಲ್ಲಿ ಇದೇ ಅಕ್ಷರಗಳು ದೊಡ್ಡ ದೊಡ್ಡ ಮನೆಗಳ ಮುಂಭಾಗದಲ್ಲಿ ಎರಡೋ ಮೂರೋ ಸಾಲಾಗಿ ನಿಂತಿರುತ್ತವೆ. ಅವು ವಿದ್ಯಾರ್ಥಿ ಸಂಘಗಳ ಹೆಸರುಗಳು. ಗಂಡುಮಕ್ಕಳ ಸಂಘ ಫ್ರೆಟರ್ನಿಟಿ, ಹೆಣ್ಣುಮಕ್ಕಳದು ಸೊರಾರಿಟಿ. ಆ ಅಕ್ಷರಗಳು ಯಾವ ಮಾತಿನ ಮೊದಲಕ್ಷರಗಳು ಎಂಬುದೇ ಹಲವು ಸಂಘಗಳಲ್ಲಿ ಗುಟ್ಟು. ಒಳಗೆ ಸೇರಿದ ಮೇಲಷ್ಟೇ ಅದು ತಿಳಿಯುತ್ತದೆ.

ಪದಗಳು ದೂರದವೆನಿಸಿದರೂ ನೆಂಟಸ್ತಿಕೆ ಹತ್ತಿರದ್ದೇ. ಲ್ಯಾಟಿನ್ನಿನ ಫ್ರಾಟರ್, ಸಂಸ್ಕೃತದ ಭ್ರಾತೃ ಎರಡೂ ಒಂದೇ ಬೇರಿನವು. ಸೊರೊರ್ ಎಂಬುದಕ್ಕೆ ಸಂಸ್ಕೃತದಲ್ಲಿ ಸ್ವಸೃ ಇದೆ. ಸಿರಕ್ಯೂಸ್‌ನಲ್ಲಿ 1874ರಲ್ಲಿ ಹುಟ್ಟಿದ ಗಾಮಾ ಫೈ ಬೀಟಾ ಎಂಬ ಹುಡುಗಿಯರ ಸಂಘಕ್ಕೆ ‘ಸೊರಾರಿಟಿ’ ಎಂಬ ಮಾತನ್ನು ಹೊಂದಿಸಿಕೊಟ್ಟವರು ಅಲ್ಲಿನ ಲ್ಯಾಟಿನ್ ಪ್ರಾಧ್ಯಾಪಕರು. ಅಣ್ಣತಮ್ಮ, ಅಕ್ಕತಂಗಿ ಎಂಬುದು ಅಲ್ಲಿ ಬರಿಯ ಅಲಂಕಾರದ ಮಾತಲ್ಲ. ಸದಸ್ಯರು ಒಬ್ಬರನ್ನೊಬ್ಬರು ಹಾಗೆಯೇ ಕರೆಯುತ್ತಾರೆ. ಪದವಿಯ ನಾಲ್ಕು ವರ್ಷ ಮುಗಿದರೂ ನಂಟು ಮುಗಿಯುವುದಿಲ್ಲ, ಅದು ಆಯುಷ್ಯಪೂರ್ತಿ ಎಂಬ ಲೆಕ್ಕ.

ಬೆಂಗಳೂರು, ಮೈಸೂರುಗಳಲ್ಲಿ ಬಿ.ಇ. ಮುಗಿಸಿ ಎಂ.ಎಸ್.ಗೆ ಹೋಗುವವರಿಗೆ ಇದರ ಗೊಡವೆ ಬಹುಮಟ್ಟಿಗೆ ಇಲ್ಲ. ಈ ಸಂಘಗಳು ಪದವಿ ತರಗತಿಯವರವು. ಪಿಯುಸಿ ಮುಗಿಸಿ ನೇರವಾಗಿ ಅಲ್ಲಿಗೆ ಹೋಗುವ ಮಕ್ಕಳಿಗೂ ಅಲ್ಲಿಯೇ ಹುಟ್ಟಿ ಬೆಳೆದ ಕನ್ನಡ ಕುಟುಂಬಗಳ ಮಕ್ಕಳಿಗೂ ಈ ಬಾಗಿಲು ಎದುರಾಗುತ್ತದೆ. ಆಗ ಮನೆಯಲ್ಲಿ ಹುಟ್ಟುವ ಪ್ರಶ್ನೆಗಳು ಸಾಮಾನ್ಯವಾಗಿ ಕುಡಿತ, ಖರ್ಚು, ಓದಿನ ಕೇಡು ಇವುಗಳ ಸುತ್ತ. ಅವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಆದರೆ ಅಮೆರಿಕದಲ್ಲಿ ಇನ್ನೂರು ವರ್ಷದಿಂದ ಹೆಚ್ಚು ಜಗಳ ಹುಟ್ಟಿಸಿದ ಒಂದು ಪ್ರಶ್ನೆ ಬೇರೆಯೇ ಇದೆ: ದೇವರನ್ನು ನಂಬುವವನು ಇಂಥ ಸಂಘಕ್ಕೆ ಸೇರಬಹುದೇ?

ಸೇರುವ ಬಗೆಯನ್ನು ಮೊದಲು ನೋಡಬೇಕು. ಅನೇಕ ಕಡೆ ವರ್ಷಾರಂಭದಲ್ಲಿ ‘ರಷ್’ ಎಂಬ ದಿನಗಳಿರುತ್ತವೆ. ಹೊಸಬರು ಮನೆಯಿಂದ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುತ್ತಾರೆ. ಮನೆಯವರು ತಮ್ಮೊಳಗೆ ಮಾತಾಡಿ, ಮತ ಹಾಕಿ, ಬೇಕಾದವರಿಗೆ ಕರೆಯೋಲೆ ಕೊಡುತ್ತಾರೆ. ಇದಕ್ಕೆ ‘ಬಿಡ್’ ಎಂದು ಹೆಸರು. ಒಪ್ಪಿಕೊಂಡವನು ‘ಪ್ಲೆಡ್ಜ್’, ಅಂದರೆ ಉಮೇದುವಾರ. ಕೆಲವು ವಾರ ಕಳೆದ ಮೇಲೆ ದೀಕ್ಷೆ. ಬಾಗಿಲು ಹಾಕಿದ ಕೋಣೆಯಲ್ಲಿ ಸಂಘದ ಸಾಂಕೇತಿಕ ವಿಧಿ ನಡೆಯುತ್ತದೆ, ಉಮೇದುವಾರ ಪ್ರತಿಜ್ಞೆ ಮಾಡುತ್ತಾನೆ. ವಿಧಿಯ ಮಾತುಗಳನ್ನು ಹೊರಗೆ ಹೇಳಕೂಡದು. ಅವನ್ನು ಮುಂಚಿತವಾಗಿ ಉಮೇದುವಾರನಿಗೂ ತೋರಿಸುವುದಿಲ್ಲ. ತೊಡಕು ಇರುವುದು ಇಲ್ಲೇ.

ಈ ಗುಟ್ಟಿನ ಮೂಲ ಹಳೆಯದು. ಗ್ರೀಕ್ ಅಕ್ಷರದ ಮೊದಲ ಸಂಘ ಫೈ ಬೀಟಾ ಕಾಪಾ. ಅಮೆರಿಕ ಸ್ವಾತಂತ್ರ್ಯ ಸಾರಿದ ಐದು ತಿಂಗಳಿಗೆ, 1776ರ ಡಿಸೆಂಬರ್ 5ರಂದು, ವರ್ಜೀನಿಯಾದ ವಿಲಿಯಮ್ ಅಂಡ್ ಮೇರಿ ಕಾಲೇಜಿನ ಐವರು ಹುಡುಗರು ಕಟ್ಟಿದ್ದು. ಬ್ಯಾಡ್ಜು, ಗುಟ್ಟಿನ ಕೈಕುಲುಕು, ಆಣೆ ಎಲ್ಲವೂ ಅದರಲ್ಲಿದ್ದವು. 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಕಾಪಾ ಆಲ್ಫಾ ಹುಟ್ಟಿತು. ಈಗಿನ ಬಗೆಯ ಫ್ರೆಟರ್ನಿಟಿಗಳ ಸಾಲು ಅಲ್ಲಿಂದ ಶುರು. ಆ ಕಾಲಕ್ಕೆ ಫ್ರೀಮೇಸನ್ ಎಂಬ ದೊಡ್ಡವರ ಗುಪ್ತ ಬಳಗ ಅಲ್ಲಿ ಬಲವಾಗಿತ್ತು. ಹುಡುಗರು ಮೆಟ್ಟಿಲುಮೆಟ್ಟಿಲಾದ ದೀಕ್ಷೆ, ಸಂಕೇತ, ಪ್ರಮಾಣಗಳನ್ನು ಅದನ್ನು ನೋಡಿ ಕಲಿತರು.

ಮರುವರ್ಷವೇ, 1826ರಲ್ಲಿ, ಮೇಸನ್ನರ ಗುಟ್ಟನ್ನು ಅಚ್ಚು ಹಾಕಿಸುತ್ತೇನೆಂದು ಹೊರಟ ವಿಲಿಯಮ್ ಮಾರ್ಗನ್ ಎಂಬಾತ ನ್ಯೂಯಾರ್ಕ್ ರಾಜ್ಯದಲ್ಲಿ ಕಾಣೆಯಾದ. ಮತ್ತೆ ಸಿಗಲಿಲ್ಲ. ದೇಶದಲ್ಲಿ ಹುಯಿಲೆದ್ದಿತು. ಗುಪ್ತ ಆಣೆಯೆಂದರೆ ಜನ ಮುಖ ಸಿಂಡರಿಸುವಂತಾಯಿತು. ಆ ಬಿಸಿಗೆ ಹಾರ್ವರ್ಡ್‌ನ ಫೈ ಬೀಟಾ ಕಾಪಾ 1831ರಲ್ಲಿ ಗುಟ್ಟನ್ನು ಕೈಬಿಟ್ಟಿತು. ಇಂದು ಆ ಸಂಘ ಬುದ್ಧಿವಂತ ವಿದ್ಯಾರ್ಥಿಗಳಿಗೆ ಸಲ್ಲುವ ಒಂದು ಗೌರವ, ಅಷ್ಟೇ.

ಕ್ರೈಸ್ತ ಶ್ರದ್ಧೆಯವರ ಆಕ್ಷೇಪದಲ್ಲಿ ಎರಡು ಎಳೆಗಳಿವೆ. ಅವನ್ನು ಬೇರೆಬೇರೆ ಹಿಡಿದರೆ ಒಳ್ಳೆಯದು.

ಮೊದಲನೆಯದು ಆಣೆಯ ಬಗ್ಗೆಯೇ. ಆಣೆಯನ್ನೇ ಇಡಬೇಡಿ, ಹೌದಾದರೆ ಹೌದೆನ್ನಿ, ಇಲ್ಲವಾದರೆ ಇಲ್ಲವೆನ್ನಿ ಎಂಬ ಅರ್ಥದ ಯೇಸುವಿನ ಉಪದೇಶ ಮತ್ತಾಯನ ಸುವಾರ್ತೆಯಲ್ಲಿದೆ. ಕ್ವೇಕರ್ ಪಂಥದವರು ಇದನ್ನು ಅಕ್ಷರಶಃ ಪಾಲಿಸಿ ನ್ಯಾಯಾಲಯದಲ್ಲೂ ಆಣೆ ಇಡುವುದಿಲ್ಲ. ಇಂಥವರನ್ನು ನೆನೆದೇ ಅಮೆರಿಕದ ಸಂವಿಧಾನ ಪ್ರಮಾಣದ ಜೊತೆಗೆ ‘ದೃಢೀಕರಣ’ ಎಂಬ ಇನ್ನೊಂದು ದಾರಿಯನ್ನೂ ಇಟ್ಟಿದೆ. ಭಾರತದಲ್ಲೂ ಮಂತ್ರಿಗಳಾಗುವವರಲ್ಲಿ ಕೆಲವರು ದೇವರ ಹೆಸರಿನಲ್ಲಿ, ಕೆಲವರು ಸತ್ಯನಿಷ್ಠೆಯಿಂದ ಎನ್ನುವುದನ್ನು ಓದುಗರು ಟಿವಿಯಲ್ಲಿ ನೋಡಿರುತ್ತಾರೆ.

ಎರಡನೆಯ ಎಳೆ ಹೆಚ್ಚು ಗಟ್ಟಿಯಾದದ್ದು. ಆಣೆ ತಪ್ಪಲ್ಲ ಎನ್ನುವವರಿಗೂ ಅದು ತಾಗುತ್ತದೆ. ಏನನ್ನು ಒಪ್ಪುತ್ತಿದ್ದೇನೆಂದು ತಿಳಿಯುವ ಮೊದಲೇ ಮಾತು ಕೊಡಬಹುದೇ? ದಶರಥ ಕೈಕೇಯಿಗೆ ವರ ಕೊಟ್ಟಾಗ ಅವಳು ಏನು ಕೇಳುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಕೊಟ್ಟ ಮಾತು ರಾಮನನ್ನು ಕಾಡಿಗಟ್ಟಿತು. ಬೈಬಲ್‌ನಲ್ಲೂ ಇದೇ ಬಗೆಯ ಕಥೆಗಳಿವೆ. ಗೆದ್ದು ಬಂದರೆ ಮನೆಯಿಂದ ಮೊದಲು ಹೊರಬರುವುದನ್ನು ದೇವರಿಗೆ ಅರ್ಪಿಸುತ್ತೇನೆಂದು ಯೆಪ್ತಾಹ ಹರಕೆ ಹೊತ್ತ. ಎದುರು ಬಂದವಳು ಅವನ ಒಬ್ಬಳೇ ಮಗಳು. ಕುಣಿದ ಹುಡುಗಿಗೆ ಕೇಳಿದ್ದು ಕೊಡುತ್ತೇನೆಂದು ಆಣೆಯಿಟ್ಟ ಹೆರೋದ ಯೋಹಾನನ ತಲೆ ಕೊಡಬೇಕಾಯಿತು. ಕಾಲೇಜು ಮನೆಯ ಪ್ರತಿಜ್ಞೆಯಲ್ಲಿ ತಲೆ ಹೋಗುವಂಥದ್ದೇನೂ ಇರಲಿಕ್ಕಿಲ್ಲ, ನಿಜ. ಆದರೂ ಆಣೆಯನ್ನು ಆಣೆಯೆಂದೇ ಎಣಿಸುವ ಮನೆಯಲ್ಲಿ ಬೆಳೆದವನಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತದೆ. ಧರ್ಮಸ್ಥಳದಲ್ಲಿ ಆಣೆ ಇಡುತ್ತೀಯಾ ಎಂದ ಕೂಡಲೇ ಜಗಳದವರೂ ತುಸು ಹಿಂದೆ ಸರಿಯುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಸಂಘಗಳವರ ಉತ್ತರವೂ ಉಂಟು. ಪ್ರತಿಜ್ಞೆಯಲ್ಲಿ ಸಜ್ಜನರು ಒಪ್ಪಲಾಗದ್ದು ಏನೂ ಇಲ್ಲ, ಎಷ್ಟೋ ಸಂಘಗಳ ವಿಧಿಗೆ ಬೈಬಲ್ಲೇ ಆಧಾರ ಎನ್ನುತ್ತಾರೆ. 1865ರಲ್ಲಿ ಆಲ್ಫಾ ಟೌ ಒಮೇಗಾ ಕಟ್ಟಿದವರಲ್ಲಿ ಮುಖ್ಯನಾದ ಓಟಿಸ್ ಗ್ಲೇಜ್‌ಬ್ರೂಕ್ ಅಂತರ್ಯುದ್ಧದಲ್ಲಿ ಒಡೆದ ಉತ್ತರ ದಕ್ಷಿಣಗಳನ್ನು ಕ್ರೈಸ್ತ ಸೋದರಭಾವದಿಂದ ಕೂಡಿಸಲು ಹೊರಟವನು, ಮುಂದೆ ಪಾದ್ರಿಯೇ ಆದ. ಇವೆಲ್ಲ ದಿಟ. ಆದರೆ ಒಳಗೆ ಕೆಟ್ಟದ್ದಿಲ್ಲ ಎಂಬ ಭರವಸೆ ಕೊಡುವವರು ಒಳಗಿದ್ದವರು, ಪರೀಕ್ಷಿಸಬೇಕಾದವನು ಹೊರಗಿದ್ದವನು. ಪ್ರಯೋಗ ತೋರಿಸುವುದಿಲ್ಲ, ಫಲಿತಾಂಶ ಬರೆದುಕೋ ಎಂದರೆ ಹತ್ತನೇ ತರಗತಿಯ ಹುಡುಗನೂ ಸುಮ್ಮನಿರುವುದಿಲ್ಲ.

ಒಂದು ಹಳೆಯ ಮೊಕದ್ದಮೆ ಇಲ್ಲಿ ನೆನೆಯತಕ್ಕದ್ದು. ಇಲಿನಾಯ್ ರಾಜ್ಯದ ವೀಟನ್ ಕಾಲೇಜಿನ ಅಧ್ಯಕ್ಷ ಜೊನಾಥನ್ ಬ್ಲಾಂಚರ್ಡ್ ಗುಪ್ತ ಸಂಘಗಳ ಕಡುವಿರೋಧಿ. ಅವುಗಳಿಗೆ ಸೇರಕೂಡದೆಂದು ಕಾಲೇಜಿನ ನಿಯಮವಿತ್ತು. ವಿದ್ಯಾರ್ಥಿಯೊಬ್ಬ ಗುಡ್ ಟೆಂಪ್ಲರ್ಸ್ ಎಂಬ ಸಂಘಕ್ಕೆ ಸೇರಿದ್ದಕ್ಕೆ ಅವನನ್ನು ತರಗತಿಯಿಂದ ಹೊರಗಿಟ್ಟರು. ಆ ಸಂಘದ ಉದ್ದೇಶವೇನು ಗೊತ್ತೆ? ಪಾನನಿರೋಧ! ಕುಡಿಯುವುದಿಲ್ಲವೆಂದು ಗುಟ್ಟಾಗಿ ಆಣೆ ಇಡುವವರ ಕೂಟ ಅದು. ವೀಟನ್ ಕೂಡ ಕುಡಿತವನ್ನು ಒಪ್ಪುವ ಕಾಲೇಜಲ್ಲ. ಆದರೂ ಆಣೆ ಒಳ್ಳೆಯದಕ್ಕೇ ಆಗಲಿ, ಗುಟ್ಟು ಬೇಡ ಎಂಬುದು ಅವರ ಹಟ. ಹುಡುಗನ ತಂದೆ ನ್ಯಾಯಾಲಯಕ್ಕೆ ಹೋದರು. ಕಾಲೇಜಿನ ಶಿಸ್ತಿನಲ್ಲಿ ಕೈಹಾಕುವುದಿಲ್ಲವೆಂದು 1866ರಲ್ಲಿ ಇಲಿನಾಯ್‌ನ ಸುಪ್ರೀಂ ಕೋರ್ಟ್ ಹೇಳಿತು.

ಹಟವಿಲ್ಲದೆ ದಾರಿ ಹುಡುಕಿದವರೂ ಇದ್ದರು. ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನ 30 ವಿದ್ಯಾರ್ಥಿಗಳು 1834ರಲ್ಲಿ ಗುಪ್ತ ಸಂಘಗಳಿಗೆ ಎದುರಾಗಿ ತಮ್ಮದೊಂದು ಸಂಘ ಕಟ್ಟಿದರು. ಡೆಲ್ಟಾ ಅಪ್ಸಿಲಾನ್ ಹೀಗೆ ಹುಟ್ಟಿದ್ದು. ಅದರಲ್ಲಿ ಗುಟ್ಟಿನ ಧ್ಯೇಯವಾಕ್ಯವಿಲ್ಲ, ಗುಟ್ಟಿನ ಕೈಕುಲುಕಿಲ್ಲ. ದೀಕ್ಷೆಗೆ ಅಪ್ಪ ಅಮ್ಮ ಬಂದು ಕೂರಬಹುದು. ಮುಂದೆ ಅಮೆರಿಕದ ರಾಷ್ಟ್ರಪತಿಯಾದ ಜೇಮ್ಸ್ ಗಾರ್ಫೀಲ್ಡ್ ವಿಲಿಯಮ್ಸ್‌ನಲ್ಲಿ ಓದುವಾಗ ಸೇರಿದ್ದು ಈ ಸಂಘಕ್ಕೆ. ಆತ ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದ ಮನುಷ್ಯ. ಗುಟ್ಟಿಲ್ಲದೆಯೂ ಗೆಳೆತನದ ಸಂಘ ನಡೆಯುತ್ತದೆ ಎಂಬುದಕ್ಕೆ ಆ ಸಂಘ ಇಂದಿಗೂ ಇರುವುದೇ ಸಾಕ್ಷಿ. ಉಳಿದವರು ಏಕೆ ಇದನ್ನು ಅನುಸರಿಸಲಿಲ್ಲವೋ! ಗುಟ್ಟಿನಲ್ಲಿ ಒಂದು ರುಚಿ ಇರಬೇಕು.

ಇಷ್ಟು ಹೊತ್ತು ನೋಡಿದ್ದು ನಂಬುವವನು ಸಂಘವನ್ನು ಪ್ರಶ್ನಿಸಿದ ಬಗೆ. ಸಂಘವೇ ನಂಬಿಕೆಯನ್ನು ಪ್ರಶ್ನಿಸಿದ ಕಥೆ ಇನ್ನೊಂದಿದೆ. ಅದು ಅಷ್ಟು ಚೆನ್ನಾಗಿಲ್ಲ.

ಹಳೆಯ ಸಂಘಗಳಲ್ಲಿ ಹಲವು, ಬರಹದಲ್ಲೋ ರೂಢಿಯಲ್ಲೋ, ಬಿಳಿಯ ಕ್ರೈಸ್ತರಿಗೆ ಮಾತ್ರ. ಯೆಹೂದ್ಯ ವಿದ್ಯಾರ್ಥಿಗೆ, ಕರಿಯ ವಿದ್ಯಾರ್ಥಿಗೆ, ಎಷ್ಟೋ ಕಡೆ ಕ್ಯಾಥೊಲಿಕನಿಗೂ ಕರೆಯೋಲೆ ಬರುತ್ತಿರಲಿಲ್ಲ. ಹೊರಗುಳಿದವರು ತಮ್ಮ ತಮ್ಮವನ್ನು ಕಟ್ಟಿಕೊಂಡರು. ಕ್ಯಾಥೊಲಿಕ್ ಹುಡುಗರದು 1889ರಲ್ಲಿ ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಶುರುವಾದ ಫೈ ಕಾಪಾ. 1912ರಲ್ಲಿ ಮಿಷಿಗನ್‌ನಲ್ಲಿ ಕ್ಯಾಥೊಲಿಕ್ ಹುಡುಗಿಯರು ಥೀಟಾ ಫೈ ಆಲ್ಫಾ ಕಟ್ಟಿದರು, ಸಿಯೆನಾದ ಸಂತ ಕ್ಯಾಥರೀನಳನ್ನು ರಕ್ಷಕಿಯಾಗಿ ಇಟ್ಟುಕೊಂಡರು. 1898ರಲ್ಲಿ ನ್ಯೂಯಾರ್ಕಿನಲ್ಲಿ ಮೊಳೆತ ಯೆಹೂದ್ಯರ ಜೀಟಾ ಬೀಟಾ ಟೌ ಸಂಘದ ಅಕ್ಷರಗಳು ಗ್ರೀಕಿನವಾದರೂ ಹಿಂದಿನ ಮಾತು ಹೀಬ್ರೂ. ಯೆಶಾಯನ ಗ್ರಂಥದಿಂದ ಬಂದದ್ದು. 1906ರಲ್ಲಿ ಕಾರ್ನೆಲ್‌ನಲ್ಲಿ ಏಳು ಜನ ಕರಿಯ ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಕಟ್ಟಿದರು, 1908ರಲ್ಲಿ ಹಾವರ್ಡ್ ವಿಶ್ವವಿದ್ಯಾನಿಲಯದ ಹುಡುಗಿಯರು ಆಲ್ಫಾ ಕಾಪಾ ಆಲ್ಫಾ.

ಸ್ವಾರ್ತ್‌ಮೋರ್ ಕಾಲೇಜಿನ ಕಥೆ ಹೇಳಲೇಬೇಕು. ಫಿಲಡೆಲ್ಫಿಯಾದ ಹತ್ತಿರ ಕ್ವೇಕರರು 1864ರಲ್ಲಿ ಸ್ಥಾಪಿಸಿದ ಕಾಲೇಜು ಅದು. ಮನುಷ್ಯರೆಲ್ಲ ಸಮಾನರು ಎನ್ನುವ ಪಂಥ. ಆದರೂ ಅಲ್ಲಿ ಸೊರಾರಿಟಿಗಳಿದ್ದವು, ಅವು ಬಾಗಿಲಲ್ಲಿ ಧರ್ಮ ಕೇಳುತ್ತಿದ್ದವು. ಕಾಪಾ ಆಲ್ಫಾ ಥೀಟಾ ಸಂಘದಲ್ಲಿ ಮಾಲಿ ಯಾರ್ಡ್ ಎಂಬ ವಿದ್ಯಾರ್ಥಿನಿ ಇದ್ದಳು. ಚೀನಾದಲ್ಲಿ ಮೆಥಡಿಸ್ಟ್ ಮಿಷನರಿಗಳ ಮಗಳಾಗಿ ಹುಟ್ಟಿ ಬೆಳೆದವಳು. ಯೆಹೂದ್ಯ ಹುಡುಗಿಯೊಬ್ಬಳನ್ನು ಸೇರಿಸಿಕೊಳ್ಳಲು ತನ್ನ ಸಂಘ ಒಪ್ಪದಿದ್ದಾಗ ಅವಳು ಸುಮ್ಮನಿರಲಿಲ್ಲ. ತಾನೊಬ್ಬಳೇ ರಾಜೀನಾಮೆ ಕೊಟ್ಟು ಹೊರಬಂದಿದ್ದರೂ ಸಾಕಿತ್ತು. ಅವಳು ಅಷ್ಟಕ್ಕೇ ನಿಲ್ಲದೆ, ಇಂಥ ಸಂಘಗಳೇ ಇಲ್ಲಿ ಬೇಡವೆಂದು ಚಳವಳಿ ನಡೆಸಿದಳು. 1933ರಲ್ಲಿ ವಿದ್ಯಾರ್ಥಿನಿಯರು ಮತ ಹಾಕಿ ಸ್ವಾರ್ತ್‌ಮೋರ್‌ನ ಸೊರಾರಿಟಿಗಳನ್ನೆಲ್ಲ ರದ್ದು ಮಾಡಿದರು. ಮುಂದೆ ಈಕೆಯೇ 1987ರಿಂದ 1991ರವರೆಗೆ ಅಮೆರಿಕದ ರಾಷ್ಟ್ರೀಯ ಮಹಿಳಾ ಸಂಘಟನೆಯ ಅಧ್ಯಕ್ಷೆಯಾಗಿದ್ದರು. ಹೊರಗಿಟ್ಟದ್ದು ಅವರನ್ನಲ್ಲ, ಅವರಿಗೆ ಸ್ವಂತ ನಷ್ಟವೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಗಾಳಿ ತಿರುಗಿತು. 1948ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನ ಫೈ ಕಾಪಾ ಸೈ ಶಾಖೆ ಕರಿಯ ವಿದ್ಯಾರ್ಥಿಯನ್ನು ಸೇರಿಸಿಕೊಂಡದ್ದಕ್ಕೆ ಕೇಂದ್ರ ಸಂಘ ಶಾಖೆಯನ್ನೇ ಹೊರಹಾಕಿತು. ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಅಂಥ ಕಟ್ಟಳೆಗಳೇ ಒಂದೊಂದಾಗಿ ಅಳಿಸಿಹೋದವು. ಯೆಹೂದ್ಯರ ಜೀಟಾ ಬೀಟಾ ಟೌ 1954ರಲ್ಲಿ ತನ್ನ ಬಾಗಿಲನ್ನು ಎಲ್ಲ ಧರ್ಮದವರಿಗೂ ತೆರೆಯಿತು. ಕಾಗದದ ಮೇಲೆ ಅಳಿಸಿದ್ದು ಮನಸ್ಸಿನಲ್ಲಿ ಅಳಿಯಲು ಹೊತ್ತು ಹಿಡಿಯುತ್ತದೆ. ಅಲಬಾಮಾ ವಿಶ್ವವಿದ್ಯಾನಿಲಯದ ಸೊರಾರಿಟಿಗಳು ಕರಿಯ ಹುಡುಗಿಯನ್ನು ಕೈಬಿಟ್ಟ ಸುದ್ದಿಯನ್ನು ಅಲ್ಲಿನ ವಿದ್ಯಾರ್ಥಿ ಪತ್ರಿಕೆ ಬಯಲಿಗೆಳೆದದ್ದು 2013ರಲ್ಲಿ.

ಈಚಿನ ದಶಕಗಳಲ್ಲಿ ಪ್ರಶ್ನೆ ತಲೆಕೆಳಗಾಗಿದೆ. 1985ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಬೀಟಾ ಅಪ್ಸಿಲಾನ್ ಕೈ ಎಂಬ ಸಂಘ ಹುಟ್ಟಿತು. ಕುಡಿತ, ಕುಣಿತಗಳ ಹಳೆಯ ಮನೆಗಳು ಬೇಡವೆಂದು ಶ್ರದ್ಧಾವಂತ ಕ್ರೈಸ್ತ ಹುಡುಗರೇ ಕಟ್ಟಿದ್ದು. ಫ್ಲಾರಿಡಾ ವಿಶ್ವವಿದ್ಯಾನಿಲಯ ಇದಕ್ಕೆ ಮನ್ನಣೆ ಕೊಡಲಿಲ್ಲ, ಧರ್ಮದ ಮೇಲೆ ಭೇದ ಮಾಡುವ ಸಂಘಕ್ಕೆ ಇಲ್ಲಿ ಜಾಗವಿಲ್ಲ ಎಂದಿತು. 2007ರಲ್ಲಿ ಮೊಕದ್ದಮೆ ಬಿತ್ತು, ಕೊನೆಗೆ 2009ರಲ್ಲಿ ವಿಶ್ವವಿದ್ಯಾನಿಲಯವೇ ನಿಯಮ ಸಡಿಲಿಸಿತು. ಮರುವರ್ಷ ಸುಪ್ರೀಂ ಕೋರ್ಟ್, ಕ್ಯಾಲಿಫೋರ್ನಿಯಾದ ಸರ್ಕಾರಿ ಕಾನೂನು ಕಾಲೇಜೊಂದರ ಕ್ರೈಸ್ತ ವಿದ್ಯಾರ್ಥಿ ಸಂಘದ ಪ್ರಕರಣದಲ್ಲಿ, ಬಂದವರನ್ನೆಲ್ಲ ಸೇರಿಸಿಕೊಳ್ಳಬೇಕೆಂಬ ನಿಯಮ ಎಲ್ಲ ಸಂಘಗಳಿಗೂ ಒಂದೇ ಆಗಿದ್ದರೆ ಕಾಲೇಜು ಅದನ್ನು ಹೇರಬಹುದೆಂದು ಐದಕ್ಕೆ ನಾಲ್ಕರ ಬಹುಮತದಿಂದ ತೀರ್ಪಿತ್ತಿತು. ಐದಕ್ಕೆ ನಾಲ್ಕು ಎಂದರೆ ನ್ಯಾಯಮೂರ್ತಿಗಳಿಗೂ ಇದು ಸುಲಭದ ಲೆಕ್ಕವಾಗಿರಲಿಲ್ಲ ಎಂದಾಯಿತು. ತನ್ನ ಧರ್ಮದವರೊಡನೆ ಕೂಡಿ ಬಾಳುವುದು ಹಕ್ಕು. ಸರ್ಕಾರದ ಹಣದಲ್ಲಿ ನಡೆಯುವ ಅಂಗಳದಲ್ಲಿ ಯಾರನ್ನೂ ಧರ್ಮ ಕೇಳಿ ಹಿಂದೆ ಕಳಿಸದಿರುವುದೂ ಹಕ್ಕೇ.

ಮುಸ್ಲಿಮ್ ಹುಡುಗರು 2013ರಲ್ಲಿ ಡಲ್ಲಾಸ್‌ನಲ್ಲಿ ಆಲ್ಫಾ ಲ್ಯಾಮ್ಡಾ ಮ್ಯೂ ಕಟ್ಟಿದರು. ಹೆಸರು ಗ್ರೀಕಿನದಾದರೂ ನೆನೆದದ್ದು ಕುರಾನಿನ ಕೆಲವು ಅಧ್ಯಾಯಗಳು ಆರಂಭವಾಗುವ ಅಲಿಫ್, ಲಾಮ್, ಮೀಮ್ ಅಕ್ಷರಗಳನ್ನು. ಅಲ್ಲಿ ಮದ್ಯವಿಲ್ಲ.

ಭಾರತದ ಮೂಲದ ಮಕ್ಕಳು ಧರ್ಮದ ಹೆಸರು ಹಿಡಿಯದೆ ‘ದಕ್ಷಿಣ ಏಷ್ಯಾ’ ಎಂಬ ಹೆಸರು ಹಿಡಿದರು. 1998ರಲ್ಲಿ ಆಸ್ಟಿನ್‌ನಲ್ಲಿ ಡೆಲ್ಟಾ ಎಪ್ಸಿಲಾನ್ ಸೈ ಎಂಬ ಹುಡುಗರ ಸಂಘವೂ ಕಾಪಾ ಫೈ ಗಾಮಾ ಎಂಬ ಹುಡುಗಿಯರ ಸಂಘವೂ ಹುಟ್ಟಿದವು. ಅಲ್ಲಿನ ಕನ್ನಡ ಮನೆಗಳ ಮಕ್ಕಳು ಸೇರಬಹುದಾದದ್ದು ಇಂಥವಕ್ಕೂ ಹೌದು, ಹಳೆಯವಕ್ಕೂ ಹೌದು. ಮನೆಯಲ್ಲಿ ಗಣಪತಿ ಪೂಜೆ ಮಾಡಿದವನಿಗೆ ಬೈಬಲ್‌ನ ಮಾತು ಕೇಳಿದರೆ ಮೈಲಿಗೆಯೇನೂ ಆಗುವುದಿಲ್ಲ. ಯಾವ ದೇವರಾದರೇನು, ಕೈಮುಗಿದರಾಯಿತು ಎನ್ನುವ ಹಿರಿಯರೇ ಹೆಚ್ಚು. ಈ ಉದಾರತನ ದೊಡ್ಡದೇ, ಆದರೆ ಅದು ಮೊದಲು ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಅಲ್ಲಿ ಕೇಳಿದ್ದು ದೇವರು ಯಾರೆಂದಲ್ಲ, ಮಾತು ಏನೆಂದು.

2020ರ ಈಚೆಗೆ ಕರಿಯರ ಸಂಘಗಳಲ್ಲಿ ಈ ಪ್ರಶ್ನೆ ಮತ್ತೆ ಎದ್ದಿದೆ. ಹತ್ತಾರು ವರ್ಷದ ಸದಸ್ಯೆಯರೇ, ಇದು ನನ್ನ ಕ್ರೈಸ್ತ ನಂಬಿಕೆಗೆ ಹೊಂದುವುದಿಲ್ಲವೆಂದು ಸಂಘ ತೊರೆಯುವ ಕಾಗದ ಬರೆದು, ವಿಡಿಯೊ ಮಾಡಿ ಎಲ್ಲರಿಗೂ ತಿಳಿಸುತ್ತಿದ್ದಾರೆ. ಡೆಲ್ಟಾ ಸಿಗ್ಮಾ ಥೀಟಾ ಸಂಘದ ಸಂಕೇತ ರೋಮನ್ನರ ದೇವತೆ ಮಿನರ್ವಾ. ಆಲ್ಫಾ ಫೈ ಆಲ್ಫಾದ್ದು ಈಜಿಪ್ಟಿನ ಸ್ಫಿಂಕ್ಸ್. ಇವು ವಿಗ್ರಹಾರಾಧನೆಯಲ್ಲವೇ ಎಂಬುದು ತೊರೆದವರ ಮಾತು. ಸಂಕೇತವನ್ನು ಯಾರೂ ಪೂಜಿಸುವುದಿಲ್ಲ ಎಂಬುದು ಉಳಿದವರ ಮಾತು. ಅವರು ಬೊಟ್ಟುಮಾಡುವ ಹೆಸರು ಸಣ್ಣದಲ್ಲ: ಪಾದ್ರಿಯಾಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಆಲ್ಫಾ ಫೈ ಆಲ್ಫಾದ ಸದಸ್ಯರು. ಕಿಂಗ್ ಅವರ ನಂಬಿಕೆಗೆ ಅಡ್ಡಿಯಾಗದ್ದು ಇನ್ನೊಬ್ಬರ ನಂಬಿಕೆಗೆ ಅಡ್ಡಿಯಾಗಬಾರದೆಂದೇನಿಲ್ಲ. ಇದು ಅವರವರ ಒಳಮನಸ್ಸಿನ ವಿಚಾರ. ಆದರೆ ಸೇರುವ ಮೊದಲೇ ಯೋಚಿಸುವ ಅವಕಾಶ ಇದ್ದಿದ್ದರೆ ಇಷ್ಟು ವರ್ಷದ ಸ್ನೇಹ ಹೀಗೆ ಕಾಗದದಲ್ಲಿ ಮುರಿಯುತ್ತಿರಲಿಲ್ಲವೇನೋ.

ಗುಟ್ಟು ಕಾಯುವ ಮಾತು ಇನ್ನೊಂದು ಕಡೆ ನೇರವಾಗಿ ಪ್ರಾಣಕ್ಕೇ ಬರುತ್ತದೆ. ಉಮೇದುವಾರರನ್ನು ಬಡಿಯುವುದು, ಮಿತಿಮೀರಿ ಕುಡಿಸುವುದು ಇವಕ್ಕೆ ಅಲ್ಲಿ ‘ಹೇಜಿಂಗ್’ ಎನ್ನುತ್ತಾರೆ. ಇಲ್ಲಿನ ರ‍್ಯಾಗಿಂಗ್‌ಗೂ ಅದಕ್ಕೂ ವ್ಯತ್ಯಾಸವಿದೆ. ರ‍್ಯಾಗಿಂಗ್‌ಗೆ ಸಿಕ್ಕವನು ತಪ್ಪಿಸಿಕೊಳ್ಳಲು ನೋಡುತ್ತಾನೆ. ಹೇಜಿಂಗ್‌ಗೆ ಒಳಗಾದವನು ಸೇರಬೇಕೆಂಬ ಆಸೆಯಿಂದ ತಡೆದುಕೊಳ್ಳುತ್ತಾನೆ, ಯಾರಿಗೂ ಹೇಳುವುದಿಲ್ಲ. 2013ರಲ್ಲಿ ನ್ಯೂಯಾರ್ಕಿನ ಬರೂಕ್ ಕಾಲೇಜಿನ ಏಷ್ಯಾ ಮೂಲದ ಹುಡುಗನೊಬ್ಬ ಏಷ್ಯನ್ನರದೇ ಸಂಘದ ಕೈಯಲ್ಲಿ ಸತ್ತ. 2017ರಲ್ಲಿ ಪೆನ್ ಸ್ಟೇಟ್‌ನಲ್ಲಿ ಇನ್ನೊಬ್ಬ, ಮಿತಿಮೀರಿ ಕುಡಿಸಿದ ಮೇಲೆ ಮೆಟ್ಟಿಲಿನಿಂದ ಬಿದ್ದು. ಸಹಾಯಕ್ಕೆ ಫೋನ್ ಮಾಡಲು ಸೋದರರೆಂಬವರು ಗಂಟೆಗಟ್ಟಲೆ ಕಾದರು. ಉಮೇದುವಾರನೆಂಬ ಹಂತವನ್ನೇ ಜೀಟಾ ಬೀಟಾ ಟೌ 1989ರಲ್ಲಿ ತೆಗೆದುಹಾಕಿತ್ತು. ಸಿಗ್ಮಾ ಆಲ್ಫಾ ಎಪ್ಸಿಲಾನ್ ಅದನ್ನು ಮಾಡಿದ್ದು 2014ರಲ್ಲಿ.

ಕರೆಯೋಲೆ ಕೈಗೆ ಬಂದಾಗ ಮಗ ಅಥವಾ ಮಗಳು ಸಂಘದವರನ್ನು ಕೇಳಬಹುದಾದದ್ದು ಇಷ್ಟು: ಪ್ರತಿಜ್ಞೆ ದೇವರ ಹೆಸರಿನಲ್ಲೋ, ಅಲ್ಲವೋ? ಆಣೆಯ ಬದಲು ದೃಢೀಕರಿಸುತ್ತೇನೆ ಎಂದರೆ ನಡೆಯುತ್ತದೆಯೇ? ಮುಂಚಿತವಾಗಿ ಓದಲು ಕೊಡುತ್ತೀರಾ? ದೀಕ್ಷೆಯ ನಡುವೆ ಬೇಡವೆನಿಸಿದರೆ ಎದ್ದು ಬರಬಹುದೇ? ಉತ್ತರ ಬಂದರೆ ಸರಿ. ನಕ್ಕು ಮಾತು ಮರೆಸಿದರೆ ಅದೂ ಒಂದು ಉತ್ತರ. ತಂದೆ ತಾಯಂದಿರಿಗೆ ಇನ್ನೊಂದು ಆಸರೆಯೂ ಈಗ ಸಿಕ್ಕಿದೆ. 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಹೇಜಿಂಗ್ ತಡೆಯ ಕಾಯಿದೆಯಾಗಿದೆ. ಅದರ ಪ್ರಕಾರ ಕಾಲೇಜುಗಳು ತಪ್ಪು ಮಾಡಿದ ಸಂಘದ ಹೆಸರು, ಘಟನೆಯ ದಿನಾಂಕ, ತನಿಖೆಯಲ್ಲಿ ಕಂಡದ್ದು ಎಲ್ಲವನ್ನೂ ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಸೇರಬೇಕೆಂದಿರುವ ಸಂಘದ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ಹಾಸನದಲ್ಲೋ ಧಾರವಾಡದಲ್ಲೋ ಕುಳಿತ ಅಪ್ಪನೂ ನೋಡಬಹುದು.